ಅಪ್ಪನ 1983ರ ಯೆಜ್ಡಿ: ಪುಣೆಯ ಮನೆಯಲ್ಲೇ ದುರಸ್ತಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಹಾವೇರಿಯವಳು, ಧನಕವಡಿ

ನಮ್ಮ ತಂದೆಯ 1983ರ ಯೆಜ್ಡಿ 250 ಮೋಟಾರ್‌ಸೈಕಲ್ ಈಗ ಧನಕವಡಿಯಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತಿದೆ. ಹಾವೇರಿಯ ಮನೆ ಮಾರಿದಾಗ ಉಳಿದ ಸಾಮಾನಿನ ಜೊತೆಗೆ ಇದನ್ನೂ ಟೆಂಪೋಗೆ ಹೇರಿಸಿಕೊಂಡು ಬಂದೆವು. ಗುಜರಿಗೆ ಕೊಟ್ಟುಬಿಡಿ ಎಂದವರೇ ಹೆಚ್ಚು. ಕೊಡುವ ಮಾತೇ ಇಲ್ಲ. ಅಪ್ಪ ಪಶುವೈದ್ಯರು. ಎಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಹಾನಗಲ್ ಕಡೆಯ ಯಾವುದೋ ಹಳ್ಳಿಯಿಂದ ರಾತ್ರಿ ಕರೆ ಬಂದರೆ ಇದರ ಮೇಲೆಯೇ ಹೋಗುತ್ತಿದ್ದರು. ಪಕ್ಕದ ಪೆಟ್ಟಿಗೆಯ ತಳದಲ್ಲಿ ಟಿಂಚರ್ ಅಯೋಡಿನ್ ಚೆಲ್ಲಿದ ಕಂದು ಕಲೆ ಇನ್ನೂ ಹಾಗೆಯೇ ಇದೆ. ಕಿಕ್ಕರ್‌ನ ರಬ್ಬರ್ ಒಂದೇ ಮಗ್ಗುಲಿಗೆ ಸವೆದಿದೆ, ಯೆಜ್ಡಿಯಲ್ಲಿ ಕಿಕ್ಕರ್ ಗೇರ್ ಲಿವರ್ ಕೂಡ ಆಗಿರುವುದರಿಂದ.

ಗಾಡಿಯ ಸ್ಥಿತಿ ಹೀಗಿದೆ. ಎಂಜಿನ್ ಜಾಮ್ ಆಗಿದೆ, ಕಿಕ್ಕರ್ ಒಂದಿಷ್ಟೂ ಇಳಿಯುವುದಿಲ್ಲ. ಟ್ಯಾಂಕ್ ಒಳಗೆ ತುಕ್ಕು. ಕಾರ್ಬ್ಯುರೇಟರ್ ಬಿಚ್ಚಿ ನೋಡಿದರೆ ತಳದಲ್ಲಿ ಹಸಿರು ಬಣ್ಣದ ಅಂಟು ಗಟ್ಟಿಯಾಗಿದೆ. ಹೊರಗಿನ ಬಣ್ಣ ಮಾಸಿದೆ, ಆದರೆ ಟ್ಯಾಂಕಿನ ಮೇಲಿನ ಬಂಗಾರದ ಗೀಟು ಬಹುಪಾಲು ಉಳಿದಿದೆ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಬಂದು ನೋಡಿದರು. ಎಲ್ಲವನ್ನೂ ಬಿಚ್ಚಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿ, ಹೊಸ ಬಣ್ಣ ಹೊಡೆದು, 6 ವೋಲ್ಟ್ ತೆಗೆದು 12 ವೋಲ್ಟ್ ಹಾಕಿ, ಹೊಸ ಗಾಡಿ ಮಾಡಿ ಕೊಡುತ್ತೇನೆ ಎಂದರು. ನನಗೆ ಹೊಸ ಗಾಡಿ ಬೇಡ, ಅಪ್ಪನ ಗಾಡಿ ಬೇಕು. ಸಾಧ್ಯವಾದಷ್ಟು ಕೆಲಸವನ್ನು ನಾನೇ ಮಾಡಬೇಕೆಂದಿದ್ದೇನೆ. ಪಂಪ್ ತಯಾರಿಸುವ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವರ್ನಿಯರ್, ಮೈಕ್ರೋಮೀಟರ್ ಬಳಸಲು ಬರುತ್ತದೆ, ಅಳತೆಯ ವಿಷಯದಲ್ಲಿ ಭಯವಿಲ್ಲ. ಎಂಜಿನ್ ಮಾತ್ರ ಎಂದೂ ಬಿಚ್ಚಿದವಳಲ್ಲ.

ಜಾಮ್ ಬಿಡಿಸುವುದು ಹೇಗೆ? ಬಿಟ್ಟುಕೊಂಡರೆ ಸ್ಟಾರ್ಟ್ ಮಾಡಿ ನೋಡಬಹುದೇ? ಬಣ್ಣ ಹೊಡೆಸಲೇಬೇಕೇ? ನಂಬರ್ ಇನ್ನೂ ಕರ್ನಾಟಕದ್ದೇ, ಆರ್.ಸಿ. ಅವಧಿ ಎಂದೋ ಮುಗಿದಿದೆ. ಅಪ್ಪನಿಗೆ ಈಗ 78. ಮೇಲಿನ ಮನೆಯಿಂದ ದಿನಕ್ಕೆರಡು ಸಲ ಇಳಿದು ಬಂದು ನೋಡಿ ಹೋಗುತ್ತಾರೆ.

ಲೇಥ್ ಮಾಸ್ತರ, ಭೋಸರಿ

ತಂಗಿ, ಮೊದಲು ಒಂದು ಮಾತು: ಇನ್ನು ಮುಂದೆ ಆ ಕಿಕ್ಕರ್ ಮೇಲೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ. ನೋಡಲು ಬಂದವರೆಲ್ಲ ಒಮ್ಮೆ ತುಳಿದು ನೋಡೋಣ ಎನ್ನುತ್ತಾರೆ. ಜಾಮ್ ಆದ ಎಂಜಿನ್‌ಗೆ ತುಳಿದರೆ ಪಿಸ್ಟನ್ ಕದಲುವುದಿಲ್ಲ, ಒಳಗಿನ ಕಿಕ್ ಹಲ್ಲು ಮುರಿಯುತ್ತದೆ. ಆಮೇಲೆ ಒಂದು ಕೆಲಸ ಹೋಗಿ ಎರಡಾಗುತ್ತದೆ.

ನಾನು ನಿಪ್ಪಾಣಿಯವನು. ಭೋಸರಿಯಲ್ಲಿ ಬೋರಿಂಗ್, ಹೋನಿಂಗ್ (ಸಿಲಿಂಡರ್‌ನ ಒಳಗೋಡೆ ಕೊರೆದು ನುಣುಪು ಮಾಡುವ) ಕೆಲಸ ಮಾಡಿಕೊಂಡೇ ತಲೆ ನರೆತಿದೆ. ಯೆಜ್ಡಿ ಬ್ಲಾಕ್‌ಗಳು, ಅಂದರೆ ಸಿಲಿಂಡರ್‌ಗಳು, ನನ್ನ ಲೆಕ್ಕಕ್ಕೆ ಸಿಗದಷ್ಟು ಕೈಯಲ್ಲಿ ಹಾದುಹೋಗಿವೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪ್ಲಗ್ ತೆಗೆಯಿರಿ. ಆ ತೂತಿನಿಂದ ಒಂದು ತೆಳುವಾದ ಮರದ ಕಡ್ಡಿ ಇಳಿಸಿ ಪಿಸ್ಟನ್ ಎಲ್ಲಿ ನಿಂತಿದೆ ಎಂದು ನೋಡಿ. ಇದು ಟೂ ಸ್ಟ್ರೋಕ್, ಇದರಲ್ಲಿ ವಾಲ್ವ್ ಇಲ್ಲ. ಬ್ಲಾಕ್‌ನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಕೆಳಗೆ ನಿಂತಿದ್ದರೆ ಕಿಂಡಿ ತೆರೆದಿರುತ್ತದೆ, ನೀವು ಮೇಲಿಂದ ಸುರಿದ ಎಣ್ಣೆ ಸೈಲೆನ್ಸರ್‌ಗೆ ಹರಿದುಹೋಗುತ್ತದೆ. ಹಾಗಿದ್ದರೆ ಪ್ಲಗ್ ತೂತಿನಿಂದ ಸುರಿಯುವುದು ದಂಡ. ಹೆಡ್ ಬಿಚ್ಚಿ, ಪಿಸ್ಟನ್ ಅಂಚಿನ ಸುತ್ತ ಎಣ್ಣೆ ಬಿಡಬೇಕು. ಮೇಲೆ ನಿಂತಿದ್ದರೆ ಪ್ಲಗ್ ತೂತಿನಿಂದಲೇ ಸಾಕು. ಡೀಸೆಲ್ ಅರ್ಧ, ಪವರ್ ಸ್ಟೀರಿಂಗ್ ಎಣ್ಣೆ ಅರ್ಧ ಬೆರೆಸಿ ಹಾಕಿ. ಇಳಿದಷ್ಟೂ ಮತ್ತೆ ತುಂಬುತ್ತಿರಿ. ಅವಸರ ಬೇಡ, ಒಂದು ವಾರ ಬಿಟ್ಟರೂ ನಷ್ಟವಿಲ್ಲ.

ನಂತರ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ತಿರುಗಿಸುತ್ತ ನಾಲ್ಕನೇ ಗೇರ್‌ಗೆ ಹಾಕಿ, ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಾಡಿಸಿ. ಒಂದು ಕೂದಲೆಳೆಯಷ್ಟು ಕದಲಿದರೂ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ. ಸುತ್ತಿಗೆ ಬೇಡ. ಬ್ಲಾಕ್‌ನ ರೆಕ್ಕೆಗಳ ನಡುವೆ ಸ್ಕ್ರೂ ಡ್ರೈವರ್ ತೂರಿಸಿ ಮೀಟುವವರನ್ನು ಕಂಡಿದ್ದೇನೆ. ಎರಕದ ರೆಕ್ಕೆ ಪಟ್ಟನೆ ಮುರಿಯುತ್ತದೆ, ಮತ್ತೆ ಅಂಟುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ನನ್ನ ಪ್ರಕಾರ ಅದೇ ಮುಖ್ಯವಾದದ್ದು. ಬಿಟ್ಟುಕೊಂಡರೆ ಸ್ಟಾರ್ಟ್ ಮಾಡಬಹುದೇ? ಖಂಡಿತ ಬೇಡ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಕೆಳಗೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಕ್ರ್ಯಾಂಕ್‌ನ ಬೇರಿಂಗ್, ಕನೆಕ್ಟಿಂಗ್ ರಾಡ್‌ನ ಕೆಳಗಿನ ರೋಲರ್, ಎಲ್ಲಕ್ಕೂ ಪೆಟ್ರೋಲ್‌ನಲ್ಲಿ ಬೆರೆಸಿದ ಎಣ್ಣೆಯೇ ಆಧಾರ. ಗಾಡಿ ವರ್ಷಾನುಗಟ್ಟಲೆ ನಿಂತಾಗ ಆ ಎಣ್ಣೆ ಒಣಗಿ, ಮಳೆಗಾಲದ ಹಸಿ ಒಳಗೆ ಕೂತು, ರೋಲರ್‌ಗಳ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಮೇಲೆ ಪಿಸ್ಟನ್ ಹೊಳೆಯುತ್ತಿದ್ದರೂ ಕೆಳಗೆ ಇದಾಗಿರುತ್ತದೆ. ಸ್ಟಾರ್ಟ್ ಮಾಡಿ, ಸದ್ದು ಕೇಳಿ, ವಿಡಿಯೋ ತೆಗೆದು ಸಂತೋಷಪಟ್ಟವರ ಬ್ಲಾಕ್‌ಗಳೇ ಒಂದು ತಿಂಗಳ ನಂತರ ಗೀರುಬಿದ್ದು ನನ್ನ ಮೇಜಿಗೆ ಬರುತ್ತವೆ.

ಬ್ಲಾಕ್ ಎತ್ತಿದ ಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಅದು ಸಹಜ. ಮೇಲೆ ಕೆಳಗೆ ಟಕ್ ಎಂದರೆ ಕ್ರ್ಯಾಂಕ್ ಬಿಚ್ಚಲೇಬೇಕು. ಇದರ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು, ಮನೆಯಲ್ಲಿ ಮಾಡುವ ಕೆಲಸವಲ್ಲ. ಪ್ರೆಸ್ ಇರುವವರ ಹತ್ತಿರ ಕೊಡಿ. ಹಿಂತಿರುಗಿ ಪಡೆಯುವಾಗ ಎರಡು ಸೆಂಟರ್‌ಗಳ ನಡುವೆ ನಿಲ್ಲಿಸಿ, ಡಯಲ್ ಗೇಜ್ ಇಟ್ಟು ತಿರುಗಿಸಿ ತೋರಿಸಿ ಎಂದು ಕೇಳಿ. ನಕ್ಷೆ ವಿಭಾಗದವರಿಗೆ ಡಯಲ್ ಗೇಜ್ ಓದಲು ನಾನು ಹೇಳಿಕೊಡಬೇಕಿಲ್ಲ. ಮುಳ್ಳು ಮಿಲಿಮೀಟರ್‌ನ ನೂರರ ಕೆಲವು ಪಾಲಿಗಿಂತ ಹೆಚ್ಚು ಆಡಬಾರದು.

ಬೋರ್, ಅಂದರೆ ಬ್ಲಾಕ್‌ನ ಒಳವ್ಯಾಸದ ಮೂಲ ಅಳತೆ 65 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ 75. ಬ್ಲಾಕ್ ಒಳಗೆ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಅಡ್ಡಲಾಗಿ ಉದ್ದಕ್ಕೆ ಎರಡೆರಡು ಸಲ ಅಳೆಯಿರಿ. ಬೋರ್ ಮಾಡಿಸಬೇಕಾಗಿ ಬಂದರೆ ಪಿಸ್ಟನ್ ಮೊದಲು ತನ್ನಿ, ಅದನ್ನು ಬ್ಲಾಕ್‌ನ ಜೊತೆಗೇ ಕೊಡಿ. ಪೆಟ್ಟಿಗೆಯ ಮೇಲೆ ಬರೆದ ಅಳತೆಗೆ ಬೋರ್ ಮಾಡುವುದಲ್ಲ, ಕೈಯಲ್ಲಿರುವ ಪಿಸ್ಟನ್‌ಗೆ ಮಾಡುವುದು. ಬೋರ್ ಆದ ಮೇಲೆ ಪ್ರತಿ ಕಿಂಡಿಯ ಅಂಚಿಗೂ ಬೆರಳು ಆಡಿಸಿ ನೋಡಿ. ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ಹಿಂದಕ್ಕೆ ಕೊಟ್ಟು, ಅಂಚು ಮುರಿದು ಕೊಡಿ ಎನ್ನಿ. ಆ ಚೂಪಿಗೆ ರಿಂಗ್ ಸಿಕ್ಕಿಕೊಂಡರೆ ಮೊದಲ ಸವಾರಿಯಲ್ಲೇ ತುಂಡಾಗುತ್ತದೆ. ಐದು ನಿಮಿಷದ ಈ ಕೆಲಸವನ್ನು ಬಿಟ್ಟುಬಿಡುವ ಅಂಗಡಿಗಳು ಬಹಳ. ನನಗೆ ಇದರಷ್ಟು ಸಿಟ್ಟು ತರುವ ವಿಷಯ ಇನ್ನೊಂದಿಲ್ಲ.

ಸೈಲೆನ್ಸರ್ ಮರೆಯಬೇಡಿ. ಸಿಲಿಂಡರ್ ಒಂದೇ ಆದರೂ ಇದಕ್ಕೆ ಸೈಲೆನ್ಸರ್ ಎರಡು. ಒಳಗಿನ ಬ್ಯಾಫಲ್ ಕೊಳವೆಗಳನ್ನು ಎಳೆದು ತೆಗೆದು ಮಸಿ ಕೆರೆಯಿರಿ. ಎರಡೂ ಕಡೆ ಹೊಗೆ ಒಂದೇ ಸಮ ಬರಬೇಕು.

ಮೊದಲು ಶೆರ್ಬ್ರೂಕ್, ಈಗ ಹಿಂಜವಡಿ

ಮಾಸ್ತರರ ಮಾತಿಗೆ ನನ್ನದೊಂದು ಸೇರ್ಪಡೆ. ಯೆಜ್ಡಿ ಬಿಚ್ಚಿದ ಅನುಭವ ನನಗಿಲ್ಲ, ಬಿಚ್ಚಿರುವುದು ಹಿಮದ ಗಾಡಿ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಕೆಲಸಕ್ಕಿದ್ದಾಗ ನೆರೆಮನೆಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಹಳೆಯ ಸ್ಕೀ-ಡೂ ಎಲಾನ್ ಒಂದನ್ನು ಇಬ್ಬರೂ ಸೇರಿ ಎಬ್ಬಿಸಿದೆವು. ಅದರ ರೋಟಾಕ್ಸ್ ಎಂಜಿನ್ ಸಹ ಒಂದೇ ಸಿಲಿಂಡರ್‌ನ ಟೂ ಸ್ಟ್ರೋಕ್, 247 ಸಿಸಿ. ನಿಮ್ಮ ಯೆಜ್ಡಿ 248.5 ಸಿಸಿ. ಆದ್ದರಿಂದ ಅಲ್ಲಿ ಕಲಿತದ್ದು ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ನಾನಿದ್ದ ಶೆರ್ಬ್ರೂಕ್‌ನ ಹತ್ತಿರದ ವಾಲ್ಕೂರ್‌ನಲ್ಲಿಯೇ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಈ ಗಾಡಿಗಳನ್ನು ಮಾಡಿದ್ದು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ, ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲು ವಾಹನವಿಲ್ಲದೆ ತೀರಿಕೊಂಡ. ಮೊದಮೊದಲು ಅವನು ಕಟ್ಟಿದ ದೊಡ್ಡ ಹಿಮವಾಹನಗಳಲ್ಲಿ ವೈದ್ಯರು, ಶಾಲೆಯ ಮಕ್ಕಳು, ಅಂಚೆ ಓಡಾಡಿದವು. ಚಿಕ್ಕ ಸ್ಕೀ-ಡೂ ಬಂದದ್ದು 1959ರಲ್ಲಿ. ನಿಮ್ಮ ತಂದೆಯ ರಾತ್ರಿ ಸವಾರಿಯ ಬಗ್ಗೆ ಓದಿದಾಗ ಇದು ನೆನಪಾಯಿತು.

ಹಿಮದ ಗಾಡಿ ವರ್ಷದ ಬಹುಭಾಗ ನಿಂತೇ ಇರುತ್ತದೆ. ಆದ್ದರಿಂದ ನಿಂತ ಟೂ ಸ್ಟ್ರೋಕ್‌ನಲ್ಲಿ ಮೊದಲು ಸಾಯುವುದು ಯಾವುದು ಎಂದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು: ಕ್ರ್ಯಾಂಕ್‌ನ ಎರಡು ತುದಿಯ ರಬ್ಬರ್ ಸೀಲ್. ಒಣಗಿ ಗಟ್ಟಿಯಾದ ಸೀಲ್ ಗಾಳಿ ಎಳೆಯುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಎಣ್ಣೆಯೂ ಕಡಿಮೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಬೋರ್, ಹೊಸ ಪಿಸ್ಟನ್ ಹಾಕಿ ಹಳೆಯ ಸೀಲ್ ಬಿಟ್ಟರೆ ಹಣವೆಲ್ಲ ನೀರುಪಾಲು. ಆದ್ದರಿಂದ ಎಂಜಿನ್ ಕಟ್ಟಿದ ಮೇಲೆ ಆ ಹಿರಿಯರು ಗಾಳಿ ಪರೀಕ್ಷೆ ಮಾಡದೆ ಪೆಟ್ರೋಲ್ ಹಾಕಲು ಬಿಡುತ್ತಲೇ ಇರಲಿಲ್ಲ.

ಮಾಡುವ ಕ್ರಮ ಸುಲಭ. ಹಳೆಯ ಟ್ಯೂಬಿನ ರಬ್ಬರ್ ತುಂಡು, ಅದರ ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಕಾರ್ಬ್ಯುರೇಟರ್ ಕೂರುವ ಬಾಯಿ ಮತ್ತು ಎರಡು ಸೈಲೆನ್ಸರ್ ಬಾಯಿಗಳನ್ನು ಬಿಗಿಯಾಗಿ ಮುಚ್ಚಿ. ಪ್ಲಗ್ ತೂತಿಗೆ ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಅದರಲ್ಲಿ ಒಂದು ನಳಿಗೆ ಕೂರಿಸಿ. ನಳಿಗೆಗೆ ರಕ್ತದೊತ್ತಡ ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಮುಳ್ಳಿನ ಮಾಪಕ ಸಿಕ್ಕಿಸಿ. ಪಿಸ್ಟನ್ ಕೆಳಗಿರಲಿ, ಆಗ ಮೇಲಿನ ಗಾಳಿ ಕ್ರ್ಯಾಂಕ್ ಕೋಣೆಗೂ ಹೋಗುತ್ತದೆ. ಮುಳ್ಳು 300ಕ್ಕೆ (ಮಿ.ಮೀ. ಪಾದರಸ) ಬರುವವರೆಗೆ ಬುರುಡೆ ಒತ್ತಿದರೆ ಸುಮಾರು 5.8 ಪಿ.ಎಸ್.ಐ. ಆಗುತ್ತದೆ, ಇದಕ್ಕೆ ಬೇಕಾದದ್ದೂ ಅಷ್ಟೇ. ಇದಕ್ಕಿಂತ ಹೆಚ್ಚು ಒತ್ತಿದರೆ ಒಳ್ಳೆಯ ಸೀಲ್ ಕೂಡ ಬಾಯಿ ಬಿಡುತ್ತದೆ, ಆದ್ದರಿಂದ ಸೈಕಲ್ ಪಂಪ್ ಬೇಡ. ಮುಳ್ಳು ಕೆಲವು ನಿಮಿಷ ಕದಲದೆ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ.

ಯೆಜ್ಡಿಯ ಬಲಗಡೆ ಡೈನಮೊ, ಎಡಗಡೆ ಕ್ಲಚ್ ಚೈನ್ ಮತ್ತು ಎಣ್ಣೆ ಎಂದು ಸ್ನೇಹಿತರೊಬ್ಬರಿಂದ ತಿಳಿದುಕೊಂಡೆ. ಹಾಗಾದರೆ ಎಡಗಡೆಯ ಸೀಲ್ ಹೋದರೆ ಗೇರ್ ಎಣ್ಣೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ, ಯಾರಿಗಾದರೂ ಕಾಣುತ್ತದೆ. ಬಲಗಡೆಯದು ಹೋದರೆ ಏನೂ ಕಾಣುವುದಿಲ್ಲ, ಗಾಳಿಯಷ್ಟೇ ಒಳಗೆ ಹೋಗುತ್ತದೆ. ಅಪಾಯ ಇರುವುದು ಅದರಲ್ಲಿ.

ಯಾದವಗಿರಿ

ಹೆಸರು ನೋಡಿದರೆ ತಿಳಿಯುತ್ತದೆ, ನಾನು ಮೈಸೂರಿನವನು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ನಮ್ಮ ಯಾದವಗಿರಿಯಲ್ಲಿ. 1961ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಗಾಡಿ ಬರಲು ಆರಂಭವಾಯಿತು, 1973ರಿಂದ ಯೆಜ್ಡಿ, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ಬೀದಿಯ ಅರ್ಧ ಮನೆಗಳ ಅನ್ನ ಅಲ್ಲಿಂದ ಬರುತ್ತಿತ್ತು. ನನ್ನ ತಂದೆ ಜೋಡಣೆ ವಿಭಾಗದಲ್ಲಿದ್ದರು. ಈಗ ಪುಣೆಯ ಔಂಧ್‌ನಲ್ಲಿದ್ದೇನೆ.

ಬಣ್ಣದ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ಹೊಡೆಸಬೇಡಿ. ಗೀಟು ಉಳಿದಿದೆ ಎಂದಿದ್ದೀರಿ. ಅಂಥ ಗೀಟು ಕೈಯಿಂದ ಎಳೆದದ್ದು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕುಂಚ ಇಟ್ಟ ಕಡೆ ತುಸು ದಪ್ಪ, ಎತ್ತಿದ ಕಡೆ ತುಸು ತೆಳು ಕಾಣುತ್ತದೆ. ಇಂದಿನ ಅಂಗಡಿಯಲ್ಲಿ ಹಾಕುವುದು ಸ್ಟಿಕ್ಕರ್. ಹೊಸ ಬಣ್ಣವನ್ನು ಮುಂದೆ ಯಾವಾಗ ಬೇಕಾದರೂ ಹೊಡೆಸಬಹುದು, ಆದರೆ ಒಮ್ಮೆ ಕೆರೆದ ಹಳೆಯ ಬಣ್ಣ ತಿರುಗಿ ಬರುವುದಿಲ್ಲ. ಮೃದುವಾದ ಸೋಪಿನಲ್ಲಿ ತೊಳೆದು, ಹತ್ತಿ ಬಟ್ಟೆಯಿಂದ ಒಣಗಿಸಿ, ಬಹಳ ನಯವಾದ ಪಾಲಿಶ್‌ನಲ್ಲಿ ಅಂಗೈಯಗಲದ ಒಂದು ಮೂಲೆಯನ್ನು ಮೊದಲು ಉಜ್ಜಿ ನೋಡಿ. ಗೀಟಿನ ಮೇಲೆ ಪಾಲಿಶ್ ಹಾಕಬೇಡಿ, ಬರೀ ಮೇಣ ಸಾಕು. ತುಕ್ಕು ತಿಂದ ಕಡೆ ಮಾತ್ರ ತುಕ್ಕು ತೆಗೆದು ಪ್ರೈಮರ್ ಹಚ್ಚಿ, ಅದೇ ಬಣ್ಣ ತೀಡಿ. ಕ್ರೋಮ್ ಮೇಲಿನ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಬಹಳಷ್ಟು ಹೋಗುತ್ತದೆ.

ಟ್ಯಾಂಕಿನ ಒಳಗೆ ಆಮ್ಲ ಸುರಿದು ತೊಳೆಯುವವರು ಹೊರಗಿನ ಬಣ್ಣವನ್ನೂ ಹಾಳುಮಾಡುತ್ತಾರೆ. ನೀರಿಗೆ ವಾಷಿಂಗ್ ಸೋಡಾ ಹಾಕಿ, ಕಬ್ಬಿಣದ ಸರಳು ಇಳಿಸಿ, ಬ್ಯಾಟರಿ ಚಾರ್ಜರ್‌ನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ ಕೊಟ್ಟರೆ ತುಕ್ಕು ತಾನೇ ಸಡಿಲವಾಗುತ್ತದೆ. ಸರಳು ಟ್ಯಾಂಕಿಗೆ ತಾಗಬಾರದು, ಸ್ಟೇನ್‌ಲೆಸ್ ಸ್ಟೀಲ್ ಸರಳು ಬಳಸಬಾರದು, ಏಕೆಂದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಏಳುವ ಅನಿಲ ಹೈಡ್ರೋಜನ್, ಆದ್ದರಿಂದ ಟ್ಯಾಂಕಿನಲ್ಲಿ ಪೆಟ್ರೋಲ್ ಪಸೆ ಇಲ್ಲದಂತೆ ಮೊದಲೇ ತೊಳೆದು, ತೆರೆದ ಜಾಗದಲ್ಲಿ, ಹತ್ತಿರ ಬೆಂಕಿ ಇಲ್ಲದಂತೆ ಮಾಡಿ.

6 ವೋಲ್ಟ್ ಬಗ್ಗೆ: ಹಗಲು ಓಡಿಸುವುದಾದರೆ ಬದಲಿಸುವ ಅಗತ್ಯವಿಲ್ಲ. 6 ವೋಲ್ಟ್ ಕೆಟ್ಟದ್ದು ಎಂಬ ಹೆಸರು ಬಂದಿರುವುದು ಮುಖ್ಯವಾಗಿ ತುಕ್ಕು ಹಿಡಿದ ಅರ್ಥಿಂಗ್‌ನಿಂದ. ಪ್ರತಿ ಅರ್ಥ್ ತಂತಿಯ ತುದಿ, ಅದು ಕೂರುವ ಜಾಗ ಎರಡನ್ನೂ ಲೋಹ ಕಾಣುವಂತೆ ಉಜ್ಜಿ. ಪಾಯಿಂಟ್ (ಪ್ಲಗ್‌ಗೆ ಕಿಡಿ ಕೊಡಿಸುವ ಸಂಪರ್ಕ ತುದಿಗಳು) ಅಂತರ 0.4 ಮಿ.ಮೀ. ಇರಲಿ, ಕಂಡೆನ್ಸರ್ ಹೊಸದು ಹಾಕಿ. ದಿನವೂ ರಾತ್ರಿ ಹೆದ್ದಾರಿಯಲ್ಲಿ ಹೋಗುವವರು 12 ವೋಲ್ಟ್ ಹಾಕಿಸಿದರೆ ನನ್ನ ಆಕ್ಷೇಪವಿಲ್ಲ, ಪ್ರಾಣಕ್ಕಿಂತ ಡೈನಮೊ ದೊಡ್ಡದಲ್ಲ.

ಸಾತಾರಾ ರಸ್ತೆ

ಕಾಗದಪತ್ರದ ವಿಷಯ. ಪೌಡರ್ ಕೋಟಿಂಗ್ ಎಂದ ತಕ್ಷಣ ನನಗೆ ಆತಂಕವಾಯಿತು. ಚಾಸಿ ನಂಬರ್ ಮೇಲೆ ದಪ್ಪ ಪದರ ಕೂತರೆ ಆರ್.ಟಿ.ಒ.ದಲ್ಲಿ ಪೆನ್ಸಿಲ್ ಅಚ್ಚು ಮೂಡುವುದಿಲ್ಲ. ಇಂದೇ ಚಾಸಿ ಮತ್ತು ಎಂಜಿನ್ ನಂಬರ್‌ಗಳ ಅಚ್ಚು ತೆಗೆದು, ಆರ್.ಸಿ. ಜೊತೆ ಹೋಲಿಸಿ, ಫೋಟೋ ಇಟ್ಟುಕೊಳ್ಳಿ.

ಖಾಸಗಿ ವಾಹನದ ಆರ್.ಸಿ. 15 ವರ್ಷಕ್ಕೆ, ಆಮೇಲೆ ತಪಾಸಣೆ ಮಾಡಿ ಐದೈದು ವರ್ಷಕ್ಕೆ ನವೀಕರಣ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಗಾಡಿಯ ನೋಂದಣಿ ಇರುವ ಆರ್.ಟಿ.ಒ.ದಿಂದ ಎನ್.ಒ.ಸಿ. (ನಿರಾಕ್ಷೇಪಣಾ ಪತ್ರ) ಬೇಕು. ತಂದೆಯವರ ಹೆಸರಿನಲ್ಲೇ ಇರುವುದರಿಂದ ಅವರ ಸಹಿ ಸಿಗುತ್ತದೆ. ಆದ್ದರಿಂದ ಎಂಜಿನ್ ಕೆಲಸ ಮುಗಿಯಲಿ ಎಂದು ಕಾಯದೆ ಈಗಲೇ ಅರ್ಜಿ ಹಾಕಿ.

2021ರ ವಿಂಟೇಜ್ ನಿಯಮದ ಬಗ್ಗೆ ಯಾರಾದರೂ ಹೇಳಿದರೆ ಅದು ನಿಮಗೆ ಸಲ್ಲುವುದಿಲ್ಲ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ವಿ.ಎ. ಅಕ್ಷರಗಳ ನಂಬರ್ ಸಿಗುತ್ತದೆ. ನಿಮ್ಮದಕ್ಕೆ ಅದು 2033ರಲ್ಲಿ. ಅಲ್ಲದೆ ಆ ನಂಬರ್‌ನಲ್ಲಿ ದಿನನಿತ್ಯ ಓಡಿಸುವಂತಿಲ್ಲ.

ಹಾವೇರಿಯವಳು, ಧನಕವಡಿ

ಎಲ್ಲರಿಗೂ ಮನಸಾರೆ ವಂದನೆ. ಪಿಸ್ಟನ್ ಕೆಳಗೇ ನಿಂತಿತ್ತು. ಹೆಡ್ ಬಿಚ್ಚಿ ಎಣ್ಣೆ ಬಿಟ್ಟೆ. ಈ ಭಾನುವಾರ ಅಪ್ಪ ಹಿಂದಿನ ಚಕ್ರ ಹಿಡಿದಿದ್ದರು. ಪಶುವೈದ್ಯರ ಕೈ, ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೆ ಗೊತ್ತು. ಬಿಟ್ಟುಕೊಂಡಿತು. ಸ್ಟಾರ್ಟ್ ಮಾಡುವುದಿಲ್ಲ, ಬ್ಲಾಕ್ ಎತ್ತಿದ್ದೇನೆ. ರಾಡ್ ಮೇಲೆ ಕೆಳಗೆ ಸ್ವಲ್ಪ ಟಕ್ ಎನ್ನುತ್ತದೆ, ಆದ್ದರಿಂದ ಕ್ರ್ಯಾಂಕ್ ಕೂಡ ಬಿಚ್ಚುವುದೇ. ಬಲಗಡೆಯ ಸೀಲ್‌ನ ತುಟಿ ಉಗುರು ತಾಗಿಸಿದರೆ ಪುಡಿಯಾಗುತ್ತದೆ. ಬಣ್ಣ ಹೊಡೆಸುವುದಿಲ್ಲ ಎಂದು ಮೆಕ್ಯಾನಿಕ್‌ಗೆ ಹೇಳಿದ್ದೇನೆ. ಎನ್.ಒ.ಸಿ. ಅರ್ಜಿಗೆ ಅಪ್ಪನ ಸಹಿ ಆಯಿತು.

ಎರಡು ಸಂದೇಹ. ಈಗ ಬಂಕ್‌ಗಳಲ್ಲಿ ಸಿಗುವ ಶೇ. 20 ಎಥನಾಲ್ ಪೆಟ್ರೋಲ್ ಇದಕ್ಕೆ ಆಗುತ್ತದೆಯೇ? ಬ್ಲಾಕ್ ಅಳತೆ ಮೇಲೆ 65.31, ನಡುವೆ 65.34, ಕೆಳಗೆ 65.27 ಬಂದಿದೆ. ಇದರ ಅರ್ಥವೇನು?

ಲೇಥ್ ಮಾಸ್ತರ, ಭೋಸರಿ

ಅಂದರೆ ಮೊದಲೇ ಒಮ್ಮೆ ಮೂಲ ಅಳತೆಗಿಂತ 0.25 ಮಿ.ಮೀ. ದೊಡ್ಡದಾಗಿ ಬೋರ್ ಆಗಿದೆ. ಈಗ 0.50 ಪಿಸ್ಟನ್‌ಗೆ ಹೋಗಬೇಕು, ಲೋಹ ಸಾಕಷ್ಟು ಉಳಿದಿದೆ, ಚಿಂತೆ ಬೇಡ. ಪಿಸ್ಟನ್ ನಾನಾ ಪೇಟೆಯಲ್ಲಿ ಹುಡುಕಿ. ಮೈಕ್ರೋಮೀಟರ್ ಜೊತೆಗೆ ಒಯ್ದು ಅಂಗಡಿಯಲ್ಲೇ ಅಳೆದು ನೋಡಿ ಕೊಳ್ಳಿ. ರಿಂಗ್‌ನ ಸಣ್ಣ ಮೊಳೆ ಬಿಗಿಯಾಗಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿ.

ಎಥನಾಲ್ ಗಾಳಿಯ ಹಸಿಯನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಮತ್ತು ಬೆಂಡಿನ ವಾಷರ್‌ಗಳನ್ನು ಕೆಡಿಸುತ್ತದೆ. ಪೈಪ್, ಪೆಟ್ರೋಲ್ ಕಾಕ್‌ನ ವಾಷರ್ ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಲೀಟರ್‌ಗೆ 40 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ವಾಡಿಕೆ. ಹೊಸ ಬೋರ್ ಪಳಗುವವರೆಗೆ 50 ಹಾಕಿ.

ಕ್ರ್ಯಾಂಕ್ ಕೇಸ್‌ನ ಎರಡು ಹೋಳು ಬೇರ್ಪಡಿಸುವಾಗ ನಡುವೆ ಏನನ್ನೂ ತೂರಿಸಬೇಡಿ, ಅಲ್ಲಿ ಗೀರು ಬಿದ್ದರೆ ಆ ಗಾಳಿ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಬೇರಿಂಗ್ ಕೂತ ಜಾಗವನ್ನು ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಬೇರಿಂಗ್ ತಾನಾಗಿ ಸಡಿಲವಾಗುತ್ತದೆ. ಹಳೆಯ ಪಿಸ್ಟನ್‌ನ ತಲೆಯ ಮಸಿ ಒರೆಸಿ ಒಂದು ಫೋಟೋ ಹಾಕಿ. ಅಳತೆಯ ಮುದ್ರೆ, ಸೈಲೆನ್ಸರ್ ಕಡೆಗೆ ತೋರಿಸುವ ಬಾಣ ಎರಡೂ ಕಾಣಬೇಕು.